ನಾಲೆಯ ಮೇಲೆ ಜೋಳ, ನಾಲೆಯ ಕೆಳಗೆ ಭತ್ತ: ಎಳ್ಳಮಾವಾಸ್ಯೆ ಹೊತ್ತಿಗೆ ಮಸ್ಕಿ ಸೀಮೆಯ ಒಂದು ಹಳ್ಳಿ

ಮೊದಲ ದಿನ: ಅಗಸಿ, ಮಾಳಿಗೆ, ಹಗೇವು

ಸಿಂಧನೂರಿನಿಂದ ಮಸ್ಕಿ ಕಡೆಗೆ 150ಎ ಹೆದ್ದಾರಿಯಲ್ಲಿ ಹೊರಟರೆ ಮೊದಲು ಕಾಣುವುದೆಲ್ಲ ಭತ್ತದ ನೆಲ. ಮಾರ್ಗಶಿರ ಮುಗಿಯುವ ಹೊತ್ತಿಗೆ ಕಟಾವಾಗಿ ಬರೀ ಕೂಳೆ ನಿಂತಿರುತ್ತದೆ. ರಸ್ತೆಯ ಅರ್ಧ ಭಾಗದಲ್ಲಿ ತಾಡಪಾಲು ಹಾಸಿ ಭತ್ತ ಒಣಗಿಸಿರುತ್ತಾರೆ, ಗಾಡಿಗಳು ಹತ್ತದಿರಲೆಂದು ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ತುಂಗಭದ್ರಾ ಎಡದಂಡೆ ನಾಲೆ ದಾಟಿದ ಮೇಲೆ ನೋಟವೇ ಬೇರೆ. ಎದೆಮಟ್ಟದ ಬಿಳಿಜೋಳ, ಅದರ ಪಕ್ಕಕ್ಕೆ ಕಡಲೆ, ಹೊಲದ ಅಂಚಿಗೆ ಮುಳ್ಳುಮುಳ್ಳಾದ ಕುಸುಬೆ. ಎರಡೂ ಕಡೆ ಮಳೆ ಒಂದೇ, ವರ್ಷಕ್ಕೆ 600 ಮಿ.ಮೀ. ಆಸುಪಾಸು. ಮಣ್ಣೂ ಹೆಚ್ಚುಕಡಿಮೆ ಅದೇ ಎರಿ, ಅಂದರೆ ಕಪ್ಪು ಮಣ್ಣು. ನಾಲೆ ಮಾತ್ರ ಒಂದೇ ಮಟ್ಟ ಹಿಡಿದು ಹೋಗುತ್ತದೆ. ಅದರ ಕೆಳಗಿನವರಿಗೆ ನೀರು, ಮೇಲಿನವರಿಗೆ ಮೋಡ.

ನಾವು ಇಳಿದ ಹಳ್ಳಿಯ ಮನೆಗಳು ನಾಲೆಯ ಮೇಲಿವೆ, ಹೊಲಗಳು ಎರಡೂ ಕಡೆ ಹಂಚಿಹೋಗಿವೆ. ಈ ಸೀಮೆಯ ಬದುಕು ಹೇಗೆ ಎರಡಾಯಿತು ಎಂದು ನೋಡಲು ಇಂಥ ಊರೇ ಸರಿ.

ಊರೊಳಗೆ ಹೋಗುವುದು ಅಗಸಿಯಿಂದ. ಬಾಗಿಲು ಹೋಗಿ ಎಷ್ಟೋ ಕಾಲವಾದರೂ ಕಲ್ಲಿನ ಚೌಕಟ್ಟು, ಎರಡೂ ಬದಿಯ ಕಟ್ಟೆ ಉಳಿದಿವೆ. ಪಂಚಾಯಿತಿಕೆ, ಹರಟೆ ಎಲ್ಲ ಅಲ್ಲೇ. ಪಕ್ಕದಲ್ಲಿ ಹನುಮಪ್ಪನ ಗುಡಿ, ಸ್ವಲ್ಪ ಆಚೆ ಮಸೀದಿ, ಅದರ ಮುಂದೆ ಮೊಹರಂನ ಅಲಾಯಿ ಕುಣಿ, ಬೆಂಕಿ ಹಾಕಿ ಸುತ್ತ ಕುಣಿಯುವ ತಗ್ಗು. ಕುಣಿ ತೋಡುವುದರಿಂದ ಹಿಡಿದು ಹೆಜ್ಜೆ ಹಾಕುವವರೆಗೆ ಊರಿನ ಎಲ್ಲ ಜಾತಿಯವರೂ ಕೂಡುವುದು ಈ ಜಿಲ್ಲೆಯಲ್ಲಿ ಹೊಸ ಸಂಗತಿಯಲ್ಲ. ಊರ ಹಿಂದೆ ಅರ್ಧ ಕುಸಿದ ಹುಡೇವು, ಅಂದರೆ ಕಾವಲು ಬುರುಜು. ಕೃಷ್ಣಾ–ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದವರೂ, ಆಮೇಲೆ ಆದಿಲ್‌ಶಾಹಿಗಳೂ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದು ಎಲ್ಲರಿಗೂ ಗೊತ್ತು. ಗೆದ್ದವರು ಯಾರೇ ಆಗಲಿ, ದಂಡು ಹಾದುಹೋದ ಊರಲ್ಲಿ ಕಾಳು ಉಳಿಯುತ್ತಿರಲಿಲ್ಲ. ಮುಂದೆ ನಿಜಾಮರ ಆಳ್ವಿಕೆ. 1853ರಲ್ಲಿ ಈ ದೋಆಬು ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ಹೈದರಾಬಾದಿಗೆ ಮರಳಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿದು, 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯ ಸೇರಿತು. ಹೊಲದ ಹಳೆಯ ಕಾಗದ ಹುಡುಕುವವರಿಗೆ ಉರ್ದು ಓದಬಲ್ಲವರು ಬೇಕಾಗುವುದು ಇದಕ್ಕೇ.

ಹಳೆಯ ಮನೆಗಳೆಲ್ಲ ಮಾಳಿಗೆಯವು, ಅಂದರೆ ಸಮತಟ್ಟಾದ ಮಣ್ಣಿನ ಚಾವಣಿಯವು. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನದ ಕೊಟ್ಟಿಗೆ, ಮೇವು ಹಾಕುವ ಗ್ವಾದಲಿ. ಅದರ ಎದುರಿಗೆ ಎತ್ತರದ ಕಟ್ಟೆಯ ಮೇಲೆ ಮನುಷ್ಯರ ವಾಸ. ಎತ್ತಿಗೆ ಉಬ್ಬಸ ಬಂದರೂ ಮಲಗಿದವನಿಗೆ ಕೇಳಬೇಕು, ಲೆಕ್ಕ ಅಷ್ಟೇ. ಮಾಳಿಗೆ ಕಟ್ಟುವ ಕ್ರಮವೂ ಇನ್ನೂ ಕೆಲವರ ಕೈಯಲ್ಲಿದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಸಂದು ಮುಚ್ಚುವಂತೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಹುಳ ಹತ್ತದಂತೆ ದಪ್ಪಗೆ ಬೇವಿನ ಸೊಪ್ಪು, ಆಮೇಲೆ ತುಳಿದು ಹದ ಮಾಡಿದ ಕೆಸರು. ಎಲ್ಲಕ್ಕೂ ಮೇಲೆ ಮೂರು ನಾಲ್ಕು ಇಂಚು ಸವಳು ಮಣ್ಣು. ಬೆಳೆಗೆ ಬಾರದ ಈ ಉಪ್ಪುಮಣ್ಣು ಮಾಳಿಗೆಗೆ ಬಂಗಾರ: ಅದರಲ್ಲಿನ ಸೋಡಿಯಂನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತುಬಿಡುತ್ತವೆ, ಮೊದಲ ಮಳೆ ಬಿದ್ದೊಡನೆ ನೀರಿನ ದಾರಿ ಮುಚ್ಚುತ್ತದೆ. ರೋಹಿಣಿ ಮಳೆಗೆ ಮುಂಚೆ ಪ್ರತಿ ವರ್ಷ ಹೊಸ ಸವಳು ಹಾಕಬೇಕು. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಹಳೆಯದನ್ನು ಕೆರೆಯದೆ ವರ್ಷವರ್ಷವೂ ಮೇಲೆ ಮೇಲೆ ಹಾಕಿದರೆ ಭಾರಕ್ಕೆ ಜಂತಿ ಬಾಗುತ್ತದೆ. ಬಾಗಿದಲ್ಲಿ ನೀರು ನಿಂತು ಅಲ್ಲಿಂದಲೇ ಸೋರಿಕೆ. ಇನ್ನೊಂದು, ಮಾಳಿಗೆ ಮೇಲೆ ಹುಲ್ಲು ಹುಟ್ಟಲು ಬಿಡುವುದು. ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಆರ್‌ಸಿಸಿ ಬಂದ ಮೇಲೆ ಈ ಕೆಲಸ ತಪ್ಪಿತು ಎಂಬ ನೆಮ್ಮದಿ ಮನೆಯವರಿಗೆ ಇದೆ. ಏಪ್ರಿಲ್‌ನ ಮಧ್ಯಾಹ್ನ ಅವರೂ ಬಂದು ಕೂರುವುದು ಮಾಳಿಗೆ ಮನೆಯಲ್ಲೇ.

ಸಂಜೆಗೆ ಒಂದು ಹಗೇವು, ನೆಲದೊಳಗೆ ಕಾಳು ತುಂಬಿಡುವ ಕುಣಿ, ನೋಡಿದೆವು. ಈಗ ಬಳಕೆಯಲ್ಲಿಲ್ಲ, ಆದರೆ ಬಾಯಿ ಕಲ್ಲು ಹಾಗೇ ಇದೆ. ಗಟ್ಟಿ ಗರಸು (ಕಲ್ಲುಮಿಶ್ರಿತ ಮಣ್ಣು) ಸಿಗುವ ಕಡೆ ಮಾತ್ರ ತೋಡುತ್ತಿದ್ದರು. ಎರಿಯಲ್ಲಿ ತೋಡಿದರೆ ನೆಲ ಬಿರಿದು ನೀರು ಇಳಿಯುತ್ತದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯ ಹಾಗೆ ಅಗಲ. ತೋಡಿದ ಮೇಲೆ ಒಳಗೆ ಕಣಕಿ (ಜೋಳದ ಒಣ ದಂಟು) ಸುಟ್ಟು ಗೋಡೆ ಒಣಗಿಸಿ, ಸೆಗಣಿ–ಮಣ್ಣು ಸಾರಿಸಿ, ತಳಕ್ಕೂ ಸುತ್ತಲೂ ಹೊಟ್ಟು ಕಣಕಿ ಕೊಟ್ಟು ಜೋಳ ಸುರಿಯುವುದು. ಬಾಯಿಗೆ ಮತ್ತೆ ಕಣಕಿ, ಮೇಲೆ ಬಂಡೆ, ಅದರ ಮೇಲೆ ಗುಪ್ಪೆಯಾಗಿ ಮಣ್ಣು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳ ಬದುಕುವುದಿಲ್ಲ. ಕಾಳು ಸರಿಯಾಗಿ ಒಣಗಿರದಿದ್ದರೆ ಮಾತ್ರ ಮುಗ್ಗು ಹಿಡಿಯುತ್ತದೆ. ಗೋಡೆಗೆ ತಾಗಿದ ಕಾಳು ಹೇಗಿದ್ದರೂ ಕಪ್ಪಾಗಿ ವಾಸನೆ ಹೊಡೆಯುತ್ತದೆ, ಅದು ದನಕ್ಕೆ. ತೆಗೆಯುವಾಗ ಮಾತ್ರ ಅವಸರ ಸಲ್ಲದು. ಬಂಡೆ ಸರಿಸಿ ಅರ್ಧ ದಿನವಾದರೂ ಹಾಗೇ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಮನುಷ್ಯ ಇಳಿಯಬಾರದು, ಒಳಗೆ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ದೀಪ ಉರಿದರೂ ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಈ ನಿಯಮ ಮೀರಿ ಸತ್ತವರಿದ್ದಾರೆ.

1876–78ರ ಧಾತು–ಈಶ್ವರ ಸಂವತ್ಸರದ ಬರ ಈ ಸೀಮೆಯನ್ನೂ ಬಳ್ಳಾರಿಯನ್ನೂ ಹಿಂಡಿಹಾಕಿತು. ಅಂಥ ದಿನಗಳಲ್ಲಿ ದಂಡಿನ ಕಣ್ಣಿಗೂ ಕಳ್ಳರ ಕಣ್ಣಿಗೂ ಬೀಳದ ಕಾಳೇ ಮನೆಯ ಜೀವ. ನಾಲೆ ಬಂದು ನೆಲದಡಿಯ ನೀರು ಮೇಲೇರಿದ ಕಡೆಯಲ್ಲೆಲ್ಲ ಹಗೇವು ತಾನಾಗಿಯೇ ಮುಗಿಯಿತು.

ಎರಡನೆಯ ದಿನ: ಎರಿ ಹೊಲದಲ್ಲಿ ಚರಗ

ಎಳ್ಳಮಾವಾಸ್ಯೆಯ ಬೆಳಿಗ್ಗೆ ಊರು ಖಾಲಿ. ಬಂಡಿ, ಟ್ರ್ಯಾಕ್ಟರ್, ಬೈಕು, ಎಲ್ಲ ಹೊಲದ ಕಡೆ ಮುಖ ಮಾಡಿರುತ್ತವೆ. "ಯಣ್ಣಾ, ನೆಲ ಬಾಯಿ ಬಿಟ್ಟೈತಿ, ಕಾಲ ಕೆಳಗ ನೋಡ್ಕೊಂಡು ಬಾ" ಎಂದು ಬುತ್ತಿ ಹೊತ್ತ ಹೆಣ್ಣುಮಗಳು ಎಚ್ಚರಿಸಿದ್ದು ಉಪಚಾರಕ್ಕಲ್ಲ. ಎರಿಯ ಬಿರುಕಿಗೆ ಅಂಗಾಲು ಸಿಕ್ಕರೆ ಕೀಲು ಉಳುಕುತ್ತದೆ.

ಹಿಂಗಾರಿ ಜೋಳಕ್ಕೆ ನೀರು ಕೊಡುವುದು ನೆಲದೊಳಗಿನ ಹಸಿ ಮಾತ್ರ. ಆದ್ದರಿಂದ ಕೆಲಸ ಬಿತ್ತನೆಗಿಂತ ಮೂರು ತಿಂಗಳು ಮುಂಚೆಯೇ ಶುರು. ಜೂನ್–ಜುಲೈನಲ್ಲಿ ಹೊಲಕ್ಕೆ ಚೌಕು ಮಡಿ ಹಾಕಿ ಬಿದ್ದ ಮಳೆಯನ್ನು ಅಲ್ಲಲ್ಲೇ ಇಂಗಿಸಬೇಕು. ಪ್ರತಿ ಮಳೆಯ ಮೇಲೂ ಕುಂಟೆ ಹೊಡೆದು ಕಳೆ ಕೊಲ್ಲಬೇಕು. ಕಳೆ ಕುಡಿದ ನೀರು ಜೋಳಕ್ಕೆ ಸಿಗುವುದಿಲ್ಲ. ಬಿತ್ತುವುದು ಉತ್ತರಿ ಮಳೆಗೆ, ತಪ್ಪಿದರೆ ಹಸ್ತಕ್ಕೆ. ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಎರಡನೆಯ ವಾರದ ಒಳಗೆ. ಚಿತ್ತಿಗೆ ಎಳೆದರೆ ಸುಳಿ ನೊಣದ ಕಾಟ. ಎಳೆ ಸಸಿಯ ನಡುಸುಳಿ ಒಣಗಿ, ಹಿಡಿದು ಜಗ್ಗಿದರೆ ಕೈಗೇ ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ.

ಬೀಜ ಮಾಲದಂಡಿ, ಎಂ 35–1. ಎಕರೆಗೆ 3 ಕೆ.ಜಿ. ಸಾಕು. ತಿಳಿದವರು ಬಿತ್ತುವ ಮುಂಚೆ ಬೀಜವನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ, ಎಂದರೆ ಲೀಟರಿಗೆ 20 ಗ್ರಾಂ ಕರಗಿಸಿ, 8 ಗಂಟೆ ನೆನೆಸಿ ನೆರಳಲ್ಲಿ ಒಣಗಿಸುತ್ತಾರೆ. ಹಸಿ ಕಡಿಮೆಯಾದರೂ ಸಸಿ ತಾಳಿಕೊಳ್ಳುತ್ತದೆ. ಕಾಡಿಗೆ ರೋಗಕ್ಕೆ ಕೆ.ಜಿ. ಬೀಜಕ್ಕೆ 4 ಗ್ರಾಂ ಗಂಧಕ. ಬೀಜ ಒಣಗುವ ಮುಂಚೆಯೇ ಗಂಧಕ ಕಲಸಿ ಗಂಟು ಕಟ್ಟಿಸಿಕೊಳ್ಳುವವರೂ ಉಂಟು; ಆ ಗಂಟು ಆಮೇಲೆ ಬಿತ್ತುವ ಕೂರಿಗೆಯಲ್ಲಿ ಕಾಟ ಕೊಡುತ್ತದೆ.

ಕೂರಿಗೆಯನ್ನು ಹತ್ತಿರದಿಂದ ನೋಡಬೇಕು. ಜಾಲಿಯ ದಿಂಡು, ಅದಕ್ಕೆ 18 ಇಂಚು ಅಂತರದ ತಾಳುಗಳು, ಪ್ರತಿ ತಾಳಿನ ತೂತಿನಿಂದ ಮೇಲೆದ್ದು ಒಂದೇ ಬಟ್ಟಲಿಗೆ ಸೇರುವ ಬಿದಿರಿನ ಕೊಳವೆಗಳು. ಎತ್ತು ಎಳೆಯುತ್ತಿದ್ದಂತೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಗಳು ಹಿಡಿ ಹಿಡಿಯಾಗಿ ಬಟ್ಟಲಿಗೆ ಬಿಡುತ್ತ ಹೋಗುತ್ತಾಳೆ. ಬೆರಳು ಒಂದೇ ಸಮನೆ ಆಡಬೇಕು, ಎತ್ತಿನ ನಡಿಗೆ ಜೋರಾದರೆ ಬೆರಳೂ ಜೋರಾಗಬೇಕು. ನೆಲ ಹಸಿ ಹೆಚ್ಚಿದ್ದರೆ ತಾಳಿನ ಬಾಯಿಗೆ ಕೆಸರು ಮೆತ್ತಿ ಒಂದು ಕೊಳವೆ ಕಟ್ಟುತ್ತದೆ. ಬಟ್ಟಲಲ್ಲಿ ಬೀಜ ಇಳಿದಂತೆಯೇ ಕಾಣುವುದರಿಂದ ಆಗ ಯಾರಿಗೂ ಗೊತ್ತಾಗುವುದಿಲ್ಲ. ವಾರದ ಮೇಲೆ ಮೊಳಕೆ ಎದ್ದಾಗ ಹೊಲದುದ್ದಕ್ಕೂ ಒಂದು ಸಾಲು ಬೋಳು. ಆದ್ದರಿಂದ ಪ್ರತಿ ತಿರುವಿನಲ್ಲಿ ಕೂರಿಗೆ ಎತ್ತಿ, ತಾಳಿನ ಬಾಯನ್ನು ಕಡ್ಡಿಯಿಂದ ಚುಚ್ಚಿ ನೋಡಿಯೇ ಮುಂದಿನ ಸಾಲು. ಟ್ರ್ಯಾಕ್ಟರ್ ಕೂರಿಗೆ ಬೇಗ ಮುಗಿಸುತ್ತದೆ, ನಿಜ. ಆದರೆ ಅದರ ಗಾಲಿ ಒತ್ತಿದ ಎರಿಯಲ್ಲಿ ಬೇರು ಇಳಿಯಲು ತಿಣುಕುತ್ತದೆ. ಹಸಿ ಆರುವವರೆಗೆ ಕಾಯುವ ತಾಳ್ಮೆ ಬಾಡಿಗೆ ಟ್ರ್ಯಾಕ್ಟರಿಗೆ ಇರುವುದಿಲ್ಲ.

ಬಿತ್ತಿದ ಮೂರನೇ ವಾರದಿಂದ ಎಡೆಕುಂಟೆ. ಮೊದಲ ಎಡೆ ಕಳೆಗೆ. ಕೊನೆಯ ಎಡೆ ಬಿರುಕಿಗೆ: ಮೇಲ್ಮಣ್ಣು ಪುಡಿಯಾಗಿ ಬಿರುಕಿನೊಳಗೆ ಬಿದ್ದರೆ ಹಸಿ ಹಾರುವುದು ನಿಲ್ಲುತ್ತದೆ. ಇದನ್ನು ಬಿಟ್ಟವರ ಹೊಲ ತೆನೆಗಟ್ಟುವ ಹೊತ್ತಿಗೆ ಕೈಕೊಡುತ್ತದೆ. ಹಸಿ ತೀರಿದ ಗಿಡದ ಬುಡದೊಳಗೆ ಕಪ್ಪು ಪುಡಿ ತುಂಬಿ, ಕಾಳು ಜೊಳ್ಳಾಗಿ, ಗಾಳಿ ಬಂದ ರಾತ್ರಿ ಹೊಲ ಮಲಗುತ್ತದೆ. ಔಷಧಿ ಅಂಗಡಿಯಲ್ಲಿ ಇದಕ್ಕೆ ಏನೇನೋ ಕೊಡುತ್ತಾರೆ. ರೋಗದ ಮೂಲ ನೀರಡಿಕೆ, ಸಿಂಪಡಿಸಿ ಪ್ರಯೋಜನವಿಲ್ಲ. ಎಲ್ಲ ಕೂಡಿಬಂದ ವರ್ಷ ಎಕರೆಗೆ 5–6 ಕ್ವಿಂಟಲ್. ಅಷ್ಟಕ್ಕೆ ಯಾಕೆ ಇಷ್ಟು ಪಾಡು ಎಂದು ಕೇಳುವವರು ಕಣಕಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎತ್ತು ಕಟ್ಟಿದ ಮನೆಗೆ ಬಣವಿಯೇ ಅರ್ಧ ಬೆಳೆ.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ. ಆಮೇಲೆ ಕಡುಬು, ಹೋಳಿಗೆ, ಅನ್ನ ಕಲಸಿದ ಚರಗವನ್ನು ಒಬ್ಬ "ಹುಲ್ಲುಲಿಗ್ಯೋ" ಎಂದು ಕೂಗಿ ಬೆಳೆಯೊಳಗೆ ಎರಚಿದರೆ ಹಿಂದಿನವನು "ಚೆಲ್ಲಂಬ್ರಿಗ್ಯೋ" ಎಂದು ನೀರು ಚಿಮುಕಿಸುತ್ತಾನೆ. ಇಡೀ ಹೊಲ ಸುತ್ತಬೇಕು. ಈ ಸುತ್ತು ನೋಡುವ ಸುತ್ತೂ ಹೌದು. ಎಲ್ಲಿ ಕಡಲೆಗೆ ಕಾಯಿಕೊರಕ ಬಿದ್ದಿದೆ, ಎಲ್ಲಿ ಬಿರುಕು ದೊಡ್ಡದಾಗಿದೆ, ಎಲ್ಲಿ ಹಂದಿ ನುಗ್ಗಿದೆ, ಅನ್ನ ಚೆಲ್ಲುವ ಕೈಯ ಹಿಂದೆ ಕಣ್ಣೂ ಓಡುತ್ತಿರುತ್ತದೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುತ್ತಾರೆ. "ಒಲ್ಲೆ ಅನಬ್ಯಾಡ್ರಿ" ಎಂದ ಮೇಲೆ ಒಲ್ಲೆ ಎನ್ನುವಂತಿಲ್ಲ.

ಜೋಳದ ರಾಶಿ ಮುಗಿದ ಮೇಲೆ ನಾಲೆಯ ಮೇಲಿನ ಮನೆಗಳಿಗೆ ಬೀಗ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ. ಮಕ್ಕಳನ್ನು ಮುದುಕರ ಹತ್ತಿರ ಬಿಟ್ಟು ಹೋಗಿ, ಮುಂಗಾರಿಗೆ ವಾಪಸ್ಸು. ನಾಲೆಯ ಕೆಳಗಿನವರಿಗೆ ಗುಳೆಯ ಮಾತಿಲ್ಲ, ಅಲ್ಲಿಗೆ ಹೊರಗಿನಿಂದಲೇ ಕೂಲಿಯವರು ಬರುತ್ತಾರೆ.

ಮೂರನೆಯ ದಿನ: ಬಂಡೆ ಒಂದು, ನಾಲೆ ಒಂದು

ಬೆಳಿಗ್ಗೆ ಮಸ್ಕಿಯ ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಇದು ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇತ್ತು. ಇಲ್ಲಿ ಅಶೋಕ ಎಂಬ ಹೆಸರೇ ಬ್ರಾಹ್ಮಿಯಲ್ಲಿ ಸಿಕ್ಕಿ, ಇಬ್ಬರೂ ಒಬ್ಬನೇ ಎಂದು ಖಾತ್ರಿಯಾಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆಮೇಲೆ ಆ ಹೆಸರು ಸಿಕ್ಕಿದೆ. ಶಾಸನ ನೋಡಿ ಹೊರಡುವವರೇ ಹೆಚ್ಚು. ಈ ನೆಲದ ಬೇಸಾಯ ಅಶೋಕನಿಗಿಂತ ಬಹಳ ಹಳೆಯದು. 1954ರಲ್ಲಿ ಮಸ್ಕಿಯಲ್ಲಿ ಅಗೆದಾಗ ಅವನಿಗೂ ಹಿಂದಿನ ವಸತಿಯ ಪದರಗಳು ಸಿಕ್ಕವು. ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಉಳಿದ ಕಾಳುಗಳು ಹುರುಳಿ, ಹೆಸರು, ಕೊರಲೆ: ಮೂರೂ ಬರೀ ಮಳೆಗೆ ಬರುವ ಬೆಳೆ. ಕುಡತಿನಿಯ ಬೂದಿದಿಬ್ಬ ದನದ ಸೆಗಣಿ ಸುಟ್ಟ ರಾಶಿ. ಮೇಲಿನೂರಿನ ಬೇಸಾಯ, ಕಾಳು ಮತ್ತು ದನ, ಅಲ್ಲಿಂದ ಇಲ್ಲಿಗೆ ದೊಡ್ಡ ಬದಲಾವಣೆ ಇಲ್ಲದೆ ಬಂದಿದೆ. ಬದಲಾದದ್ದು ಕಳೆದ ಎಪ್ಪತ್ತು ವರ್ಷಗಳಲ್ಲಿ, ಅದೂ ನಾಲೆಯ ಕೆಳಗೆ.

ಮಧ್ಯಾಹ್ನ ನಾಲೆಯ ಏರಿ ಹಿಡಿದೆವು. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಎಡದಂಡೆ ನಾಲೆ ಮುನಿರಾಬಾದಿನಿಂದ 141 ಮೈಲು. ಇವತ್ತಿಗೂ ಇಲ್ಲಿ ಕಿಲೋಮೀಟರಿನ ಮಾತಿಲ್ಲ: 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟೈತಿ, 104ರಲ್ಲಿ ಎಷ್ಟೈತಿ ಎಂದೇ ಕೇಳುತ್ತಾರೆ. ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಇಷ್ಟು ನೆಲಕ್ಕೆ ನೀರು ಹಂಚಿದ್ದು ಜೋಳ, ಹತ್ತಿ, ಶೇಂಗಾ ಮುಂತಾದ ಅರೆನೀರಾವರಿ ಬೆಳೆಯ ಲೆಕ್ಕದಲ್ಲಿ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಬರದ ವರ್ಷವೂ ಜೋಳ ಸಾಯದಿರಲಿ ಎಂಬುದು ಯೋಜನೆಯ ಉದ್ದೇಶ.

ಆದದ್ದು ಬೇರೆ. ಕರಾವಳಿ ಆಂಧ್ರದ ರೈತರು ಅಲ್ಲಿನ ತುಂಡು ಭೂಮಿ ಮಾರಿ ಇಲ್ಲಿ ಹತ್ತಾರು ಎಕರೆ ಕೊಂಡು, ಮಡಿ ಸಮ ಮಾಡಿ ಭತ್ತ ಹಾಕಿದರು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಕ್ಯಾಂಪುಗಳು ಎದ್ದವು. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ ನಿರಾಶ್ರಿತರೂ ನೆಲೆಸಿದರು. ಇಲ್ಲಿನವರು ದುರಾಸೆಯಿಂದ ಭತ್ತಕ್ಕೆ ಬಿದ್ದರು ಎಂಬ ಮಾತು ಕಚೇರಿಗಳಲ್ಲಿ ಓಡಾಡುತ್ತದೆ, ಅದು ಅರ್ಧ ಸತ್ಯ. ಮೇಲಿನವನು ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಬಸಿದು ಕೆಳಗಿನ ಹೊಲಕ್ಕೆ ಬರುತ್ತದೆ. ಎರಿಯಲ್ಲಿ ನೀರು ನಿಂತರೆ ಜೋಳದ ಬೇರು ಕೊಳೆಯುತ್ತದೆ. ಪಕ್ಕದವನು ಭತ್ತ ಹಾಕಿದ ಮೇಲೆ ಇವನಿಗೂ ಬೇರೆ ದಾರಿ ಇಲ್ಲ. ಹೀಗೆ ಮಡಿಯಿಂದ ಮಡಿಗೆ ಭತ್ತ ಇಳಿಯಿತು.

ಕೆಲಸದ ಕ್ರಮ ಇದು. ಜುಲೈನಲ್ಲಿ ನೀರಾವರಿ ಸಲಹಾ ಸಮಿತಿ ದಿನಾಂಕ ಹೇಳಿದೊಡನೆ ಸಸಿಮಡಿ. ಕೊಳವೆಬಾವಿ ಇದ್ದವರು ಮುಂಚೆಯೇ ಹಾಕಿರುತ್ತಾರೆ. ಎಕರೆಗೆ 25 ಕೆ.ಜಿ. ಬೀಜ, ಸೋನಾ ಮಸೂರಿ ಇಲ್ಲವೇ ಆರ್‌ಎನ್‌ಆರ್. ಸಸಿ 25 ದಿನದ್ದಾದಾಗ ನಾಟಿ. ಆಗಸ್ಟ್ ಮಧ್ಯದ ಆಚೆ ನಾಟಿ ಹೋದರೆ ಕಣೆ ನೊಣ: ತೆಂಡೆ ಈರುಳ್ಳಿ ಎಲೆಯಂತೆ ಕೊಳವೆಯಾಗಿ ತೆನೆ ಬರುವುದೇ ಇಲ್ಲ. ಯೂರಿಯಾ ಹೆಚ್ಚು ಸುರಿದು ದಟ್ಟ ಬೆಳೆಸಿದ ಮಡಿಗೆ ಅಕ್ಟೋಬರಿನಲ್ಲಿ ಕಂದು ಜಿಗಿಹುಳು. ಅದು ಬುಡದಲ್ಲಿರುತ್ತದೆ, ಸಿಂಪಡಣೆ ಮೇಲಿನ ಎಲೆಗೆ ಬೀಳುತ್ತದೆ. ನಾಟಿ ಮಾಡುವಾಗಲೇ ಎರಡು ಮೀಟರಿಗೆ ಒಂದರಂತೆ ಒಂದಡಿ ಹಾದಿ ಬಿಟ್ಟವರಿಗೆ ಗಾಳಿ ಆಡಿ ಕಾಟ ಕಡಿಮೆ. ನೆಲ ಹಾಳು ಎಂದು ಹಾದಿ ಬಿಡದವರೇ ಹೆಚ್ಚು. ಕಟಾವಿಗೆ ಚೈನ್ ಹಾರ್ವೆಸ್ಟರ್, ಬಾಡಿಗೆ ಗಂಟೆಯ ಲೆಕ್ಕ. ಮಾರಾಟ 75 ಕೆ.ಜಿ. ಚೀಲದ ಲೆಕ್ಕ. ಎಕರೆಗೆ 35ರಿಂದ 40 ಚೀಲ ಬಂದರೆ ಒಳ್ಳೆ ಬೆಳೆ. ಮೇಲಿನ ಜೋಳದೊಂದಿಗೆ ತೂಗಿ ನೋಡಿದರೆ ಭತ್ತವನ್ನು ಯಾಕೆ ಬಿಡುವುದಿಲ್ಲ ಎಂದು ಕೇಳುವ ಅಗತ್ಯವೇ ಇಲ್ಲ.

ಎರಡನೆಯ ಬೆಳೆ ಬೇರೆ ಕಥೆ, ಅದು ಜಲಾಶಯದಲ್ಲಿ ಉಳಿದ ನೀರಿನ ಮೇಲೆ. 133 ಟಿಎಂಸಿಗೆ ಕಟ್ಟಿದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿನ ಹಳ್ಳಿಗಳಲ್ಲಿ ಯಾರೂ ನಿದ್ದೆ ಮಾಡಿರಲಾರರು.

ನಾಲ್ಕನೆಯ ದಿನ: ಕೊನೆ ಭಾಗದ ಲೆಕ್ಕ

ಕವಿತಾಳ, ಸಿರವಾರ ಕಡೆಗೆ ನಾಲೆಯ ಜೊತೆ ಇಳಿಯುತ್ತ ಹೋದಂತೆ ನೀರೂ ಇಳಿಯುತ್ತದೆ. ಮೇಲ್ಭಾಗದವರು ಏರಿ ಕೊರೆದು ಪೈಪು ಇಡುತ್ತಾರೆ, ತೂಬಿನ ಬಾಯಿ ದೊಡ್ಡದು ಮಾಡುತ್ತಾರೆ. ಗ್ಯಾಂಗ್‌ಮನ್‌ಗಳು ಹಗಲು ಮುಚ್ಚಿದ್ದು ರಾತ್ರಿ ತೆರೆಯುತ್ತದೆ. ಕೊನೆ ಭಾಗದವರು ವರ್ಷ ಬಿಟ್ಟು ವರ್ಷ ರಸ್ತೆಗಿಳಿಯುವುದು ಇದೇ ಕಾರಣಕ್ಕೆ.

ನೀರು ಹೆಚ್ಚಾದ ಕಡೆ ಇನ್ನೊಂದು ಕಾಟ. ಹಳ್ಳದ ಬದಿಯ ತಗ್ಗು ಹೊಲಗಳಲ್ಲಿ ಬೇಸಿಗೆಗೆ ನೆಲ ಬೆಳ್ಳಗಾಗುತ್ತದೆ, ಸವಳು. ಮೊದಲು ಮಾಳಿಗೆಗೆಂದು ಹುಡುಕಿ ತರುತ್ತಿದ್ದ ಮಣ್ಣು ಈಗ ಹೊಲದಲ್ಲೇ ಹುಟ್ಟುತ್ತಿದೆ. ಬರೀ ಜಿಪ್ಸಂ ಎರಚಿದರೆ ಸಾಲದು. ಕರಗಿದ ಉಪ್ಪು ಹೊರಗೆ ಹೋಗಲು ದಾರಿ ಬೇಕು. ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪುಗಳನ್ನು ಸಾಲಾಗಿ ಹೂಳಿ, ಸುತ್ತ ಸೋಸುವ ಬಟ್ಟೆ ಸುತ್ತಿ, ಇಳಿಜಾರಿನ ತುದಿಯನ್ನು ಹಳ್ಳಕ್ಕೆ ಬಿಡಬೇಕು. ಆಮೇಲೆ ಬದು ಕಟ್ಟಿ ಸಿಹಿನೀರು ನಿಲ್ಲಿಸಿ ತೊಳೆಯಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಕೆಲಸದಲ್ಲಿ ಬಹಳ ವರ್ಷಗಳಿಂದ ತೊಡಗಿದೆ. ಕೆಡುವುದು ತುದಿಯಲ್ಲಿ: ಹಳ್ಳದಲ್ಲಿ ಆಪು ಹುಲ್ಲು, ಜಾಲಿ ಬೆಳೆದು ಬಾಯಿ ಮುಚ್ಚಿದರೆ ಪೈಪಿನೊಳಗೆ ನೀರು ಹಿಂದಕ್ಕೆ ತಿರುಗುತ್ತದೆ. ಪೈಪು ಒಬ್ಬನ ಹೊಲದ್ದು, ಹಳ್ಳ ಹತ್ತು ಜನರದ್ದು. ಕೀಳುವವರು ಯಾರೂ ಇರುವುದಿಲ್ಲ.

ನೀರು ಬರುವುದು ಖಾತ್ರಿ ಇಲ್ಲದ ಕೊನೆ ಭಾಗದಲ್ಲಿ ಈಗ ಕೂರಿಗೆ ಭತ್ತ ಹಬ್ಬಿದೆ. ಮಳೆಯ ಹಸಿಗೆ ಒಣನೆಲದಲ್ಲೇ ಟ್ರ್ಯಾಕ್ಟರ್ ಕೂರಿಗೆಯಿಂದ ಬಿತ್ತುವುದು. ಸಸಿಮಡಿ ಇಲ್ಲ, ಕೆಸರು ಮಾಡುವುದಿಲ್ಲ, ನಾಟಿ ಕೂಲಿ ಇಲ್ಲ, ಬೀಜ ನಾಟಿಗೆ ಬೇಕಾದುದರ ಅರ್ಧವೂ ಬೇಡ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದನ್ನು ಹೊಲಹೊಲಕ್ಕೆ ತಂದಿತು. ಒಂದು ಇಂಚಿಗಿಂತ ಆಳಕ್ಕೆ ಬಿದ್ದ ಬೀಜ ಎರಿಯಲ್ಲಿ ಮೇಲೇಳುವುದು ಕಷ್ಟ. ಇದರ ಶತ್ರು ಕಳೆ: ನಿಂತ ನೀರಿಲ್ಲದ್ದರಿಂದ ಭತ್ತದ ಜೊತೆಗೇ ಎಲ್ಲವೂ ಏಳುತ್ತದೆ. ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿಯಿರುವಾಗಲೇ ಪೆಂಡಿಮಿಥಾಲಿನ್ ಹೊಡೆಯದಿದ್ದರೆ ಆಮೇಲೆ ಕೈಯಿಂದ ಕೀಳುವ ಖರ್ಚು ನಾಟಿಯ ಕೂಲಿಯನ್ನೂ ಮೀರುತ್ತದೆ. ಎಳೆಯ ಪೈರು ಹಳದಿ ತಿರುಗಿದರೆ ಯೂರಿಯಾ ಅಲ್ಲ, ಕಬ್ಬಿಣದ ಸಲ್ಫೇಟ್ ಸಿಂಪಡಿಸಬೇಕು.

ಆಗಸ್ಟ್ ಮುಗಿಯುವುದರೊಳಗೆ 104ರ ಗೇಜ್ ಏರದಿದ್ದರೆ ಅದನ್ನೂ ಬಿಟ್ಟು, ಹೊಲ ಹರಗಿ, ಉತ್ತರಿ ಮಳೆಗೆ ಕಡಲೆಯನ್ನೋ ಜೋಳವನ್ನೋ ಬಿತ್ತುತ್ತಾರೆ. ಮಾಲದಂಡಿ ಬೀಜವನ್ನು ಮನೆಯಲ್ಲೇ ಇಟ್ಟುಕೊಂಡವರು ನಾಲೆಯ ಕೆಳಗೆ ಈಗ ಕಡಿಮೆ; ಬೇಕಾದವರು ಮೇಲಿನೂರಿಗೆ ಬಂದು ಸೇರಿನ ಲೆಕ್ಕದಲ್ಲಿ ಒಯ್ಯುತ್ತಾರೆ.